ಲಂಕೆಗೆ ಹೊರಡುವವರ ಔಷಧದ ಪೆಟ್ಟಿಗೆ



ಔಷಧವನ್ನು ಹೊತ್ತುಕೊಂಡು ಸಮುದ್ರವನ್ನು ದಾಟಿ ಲಂಕೆಗೆ ಹೋದವರಲ್ಲಿ ಮೊದಲಿಗನು ಯಾರೆಂದು ಕೇಳಿದರೆ ನಮ್ಮ ಮನೆಯ ಮಕ್ಕಳೂ ಆಂಜನೇಯನ ಹೆಸರನ್ನು ಹೇಳುತ್ತಾರೆ. ಬೇಕಾದ ಮೂಲಿಕೆಯ ಗುರುತು ಸಿಕ್ಕದೆ ಹೋದುದರಿಂದ ಆತನು ಬೆಟ್ಟವನ್ನೇ ಕಿತ್ತುಕೊಂಡು ಹೋಗಬೇಕಾಯಿತು. ಆ ಬೆಟ್ಟದ ಒಂದು ತುಂಡು ಬಿದ್ದು ಗಾಲೆ ಪಟ್ಟಣದ ಬಳಿಯ ರೂಮಸ್ಸಲ ಗುಡ್ಡವಾಯಿತೆಂದು ಅಲ್ಲಿಯ ಜನರು ಇಂದಿಗೂ ಹೇಳುವುದುಂಟು. ಆಂಜನೇಯನಿಗೆ ಬೆಟ್ಟವನ್ನು ಹೊರುವ ಶಕ್ತಿಯಿತ್ತು, ನಮಗಿಲ್ಲ. ಆದುದರಿಂದ ನಾವು ಮೂಲಿಕೆಯ ಗುರುತನ್ನು ತಿಳಿದುಕೊಂಡೇ ಹೊರಡುವುದು ಮೇಲು. ಶ್ರೀಲಂಕೆಗೆ ಪ್ರವಾಸ ಹೋಗುವವರು ತಮ್ಮ ಆರೋಗ್ಯದ ವಿಷಯದಲ್ಲಿ ತಿಳಿದಿರತಕ್ಕ ಕೆಲವು ಸಂಗತಿಗಳನ್ನು ಈ ಹೊತ್ತು ತಮ್ಮ ಮುಂದೆ ಇಡಬೇಕೆಂದಿದ್ದೇನೆ.

ಬೆಂಗಳೂರಿನಿಂದ ಕೊಲಂಬೊ ನಗರಕ್ಕೆ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆಯ ದಾರಿ. 2006ರಿಂದ ಅಲ್ಲಿಯ ಗಡಿಯಾರವೂ ನಮ್ಮ ಗಡಿಯಾರವೂ ಒಂದೇ ಆಗಿರುವುದರಿಂದ, ಹೊತ್ತುಹೊತ್ತಿಗೆ ಇನ್‌ಸುಲಿನ್ ಚುಚ್ಚಿಕೊಳ್ಳುವ ಮಧುಮೇಹಿಗಳು ವೇಳೆಯನ್ನು ಬದಲಿಸುವ ಕಾರಣವೂ ಇಲ್ಲ. ಅದೇ ತೆಂಗು, ಅದೇ ಬಾಳೆ, ಅದೇ ಅನ್ನ. ಈ ಸಾಮ್ಯವೇ ನಮ್ಮನ್ನು ಅಜಾಗರೂಕರನ್ನಾಗಿ ಮಾಡುತ್ತದೆ. ಇಂಗ್ಲೆಂಡಿಗೆ ಹೊರಟವರು ವೈದ್ಯರನ್ನು ಕೇಳಿ ಹೊರಡುತ್ತಾರೆ. ಲಂಕೆಗೆ ಹೊರಟವರು ಪಕ್ಕದ ಊರಿಗೆ ಹೋಗುವಂತೆ ಹೊರಡುತ್ತಾರೆ.

ನನ್ನ ಪರಿಚಿತರೊಬ್ಬರ ಅನುಭವವನ್ನು ಹೇಳುತ್ತೇನೆ. ನಿವೃತ್ತರಾದ ಉಪಾಧ್ಯಾಯರು, ಪತ್ನೀಸಮೇತರಾಗಿ ಪ್ರವಾಸ ಹೊರಟರು. ಕೊಲಂಬೊದಲ್ಲಿ ಇಳಿದ ಮಾರನೆಯ ದಿನ ಕ್ಯಾಂಡಿಯನ್ನು ಸೇರುವ ಹೊತ್ತಿಗೆ ಅವರಿಗೆ ಜ್ವರ ಬಂದಿತು. ಕಣ್ಣಿನ ಹಿಂದೆ ನೋವು, ಕೀಲುಕೀಲುಗಳಲ್ಲಿ ಮುರಿದಂತೆ ಬೇನೆ. ಮಂಡಿನೋವಿಗೆಂದು ಊರಿನ ಅಂಗಡಿಯವನು ಎಂದೋ ಕಾಗದದಲ್ಲಿ ಕಟ್ಟಿಕೊಟ್ಟಿದ್ದ ಬಿಳಿಯ ಮಾತ್ರೆಗಳು ಕೈಚೀಲದಲ್ಲಿದ್ದುವು. ಅವನ್ನೇ ಮೂರು ದಿನ ನುಂಗಿದರು. ನಾಲ್ಕನೆಯ ದಿನ ಮೈ ತಣ್ಣಗಾಯಿತು. “ಜ್ವರ ಬಿಟ್ಟಿತು ಕಣೇ, ನಾಳೆ ಹೊರಡೋಣ” ಎಂದು ಅವರು ಹೆಂಡತಿಗೆ ಹೇಳಿದರು. ಆದರೆ ಬಾಯಿ ಮುಕ್ಕಳಿಸುವಾಗ ನೀರು ಕೆಂಪಾದುದನ್ನೂ, ಕೈಗಳು ಮಂಜಿನಂತೆ ತಣ್ಣಗಿದ್ದುದನ್ನೂ ಆ ತಾಯಿ ಗಮನಿಸಿದರು. ವಸತಿಗೃಹದ ಯಜಮಾನನು ಕೂಡಲೇ ಆಂಬುಲೆನ್ಸನ್ನು ಕರೆಸಿದನು. ಆಸ್ಪತ್ರೆಯಲ್ಲಿ ವೈದ್ಯರು ಕೇಳಿದ ಮೊದಲನೆಯ ಪ್ರಶ್ನೆ, “ಯಾವ ಮಾತ್ರೆಯನ್ನು ತೆಗೆದುಕೊಂಡಿರಿ?” ಎಂಬುದು. ಇವರಲ್ಲಿದ್ದ ಉತ್ತರ, “ಬಿಳಿಯ ಮಾತ್ರೆ” ಎಂಬುದಷ್ಟೇ. ದೈವಕೃಪೆಯಿಂದಲೂ ಆ ವೈದ್ಯರ ಎಚ್ಚರಿಕೆಯಿಂದಲೂ ಉಪಾಧ್ಯಾಯರು ಬದುಕಿ ಬಂದರು.

ಆ ಜ್ವರವು ಡೆಂಗೆ. ಹಗಲಿನಲ್ಲಿ, ವಿಶೇಷವಾಗಿ ಬೆಳಗಿನ ಹೊತ್ತಿನಲ್ಲಿಯೂ ಸಂಜೆಗೆ ಮುಂಚೆಯೂ ಕಚ್ಚುವ ಈಡಿಸ್ ಎಂಬ ಸೊಳ್ಳೆಯಿಂದ ಅದು ಹರಡುತ್ತದೆ. 2017ರಲ್ಲಿ ಲಂಕೆಯಲ್ಲಿ 1,86,000ಕ್ಕೂ ಮಿಕ್ಕಿ ಡೆಂಗೆಯೆಂದು ಶಂಕಿಸಲಾದ ಪ್ರಕರಣಗಳು ವರದಿಯಾದುವು. 400ಕ್ಕೂ ಹೆಚ್ಚು ಮಂದಿ ಮೃತರಾದರು. ನೈರುತ್ಯದ ಮಳೆಯಾದ ಮೇಲೆ ಜೂನ್, ಜುಲೈ ತಿಂಗಳುಗಳಲ್ಲಿಯೂ, ವರ್ಷದ ಕೊನೆಯ ಮಳೆಯೊಡನೆಯೂ ಅದರ ಉಪದ್ರವ ಹೆಚ್ಚು.

ಇನ್ನೊಂದು ಸಂಗತಿಯನ್ನು ತಾವು ಗಮನಿಸಬೇಕು. ಸೊಳ್ಳೆ ಕಚ್ಚಿದ ಮೇಲೆ ಡೆಂಗೆ ಜ್ವರವು ಕಾಣಿಸಿಕೊಳ್ಳುವುದಕ್ಕೆ ಸಾಮಾನ್ಯವಾಗಿ 4ರಿಂದ 10 ದಿನಗಳು ಬೇಕು. ನಮ್ಮ ಉಪಾಧ್ಯಾಯರಿಗೆ ಜ್ವರ ಬಂದದ್ದು ಇಳಿದ ಮಾರನೆಯ ದಿನ. ಹಾಗಾದರೆ ಅವರನ್ನು ಕಚ್ಚಿದ ಸೊಳ್ಳೆ ಲಂಕೆಯದಲ್ಲ. ಅವರ ಮನೆಯ ಹೂವಿನ ಕುಂಡದ ತಟ್ಟೆಯಲ್ಲಿಯೋ, ಮುಚ್ಚಳವಿಲ್ಲದ ನೀರಿನ ತೊಟ್ಟಿಯಲ್ಲಿಯೋ ಹುಟ್ಟಿದ್ದು. ಅವರು ರೋಗವನ್ನು ಅಲ್ಲಿಂದ ತಂದವರಲ್ಲ, ಇಲ್ಲಿಂದ ಕೊಂಡೊಯ್ದವರು! ಜ್ವರದ ದಿನಗಳಲ್ಲಿ ಅವರನ್ನು ಕಚ್ಚಿದ ಸೊಳ್ಳೆಯು ಅದನ್ನು ಅಲ್ಲಿಯ ಮಗುವೊಂದಕ್ಕೆ ಮುಟ್ಟಿಸಬಹುದಾಗಿತ್ತು. ಪರದೇಶದಿಂದ ನಮಗೆ ಏನು ತಗಲೀತೋ ಎಂದು ಅಂಜುವ ನಾವು, ನಮ್ಮಿಂದ ಪರದೇಶಕ್ಕೆ ಏನು ತಗಲೀತು ಎಂದು ಯೋಚಿಸುವುದು ಅಪರೂಪ.

ಜ್ವರ ಬಂದಾಗ ಮಾಡತಕ್ಕದ್ದು ಇಷ್ಟು. ಪ್ಯಾರಾಸಿಟಮಾಲ್ ಒಂದನ್ನೇ ತೆಗೆದುಕೊಳ್ಳಬೇಕು. ವಯಸ್ಕರು ಒಂದು ಸಲಕ್ಕೆ 500 ಮಿಲಿಗ್ರಾಮಿನ ಒಂದು ಅಥವಾ ಎರಡು ಮಾತ್ರೆಗಳನ್ನು ಆರು ಗಂಟೆಗಳ ಅಂತರವಿಟ್ಟು ಸೇವಿಸಬಹುದು. ದಿನವೊಂದಕ್ಕೆ 4 ಗ್ರಾಂ ಮೀರಲೇಬಾರದು. ಮೈತೂಕ ಕಡಮೆಯಿರುವವರೂ ಯಕೃತ್ತಿನ ರೋಗವುಳ್ಳವರೂ ಇದಕ್ಕಿಂತ ಕಡಮೆಯಾಗಿ, ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಐಬುಪ್ರೊಫೇನ್, ಡೈಕ್ಲೊಫೆನ್ಯಾಕ್ ಮೊದಲಾದ ನೋವಿನ ಮಾತ್ರೆಗಳೂ ಆಸ್ಪಿರಿನ್ನೂ ಡೆಂಗೆಯಲ್ಲಿ ರಕ್ತಸ್ರಾವವನ್ನು ಹೆಚ್ಚಿಸಬಲ್ಲುವು, ಅವನ್ನು ಮುಟ್ಟಬಾರದು. ಹೃದ್ರೋಗಕ್ಕಾಗಿ ಪ್ರತಿದಿನವೂ ಆಸ್ಪಿರಿನ್ ಸೇವಿಸುತ್ತಿರುವವರು ತಾವಾಗಿಯೇ ಅದನ್ನು ನಿಲ್ಲಿಸದೆ, ಅಂದೇ ವೈದ್ಯರನ್ನು ಕಾಣಬೇಕು. ನೀರು, ಗಂಜಿ, ಎಳನೀರುಗಳನ್ನು ಧಾರಾಳವಾಗಿ ಕುಡಿಯಬೇಕು.

ಇನ್ನು ಮುಖ್ಯವಾದ ಮಾತು. ಡೆಂಗೆಯಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು. ಆಗಿನ ಒಂದೆರಡು ದಿನಗಳಲ್ಲಿ ರಕ್ತದ ನೀರಿನಂಶವು ನಾಳಗಳಿಂದ ಹೊರಕ್ಕೆ ಜಿನುಗಿ, ಮನುಷ್ಯನು ಮಾತನಾಡುತ್ತಿರುವಂತೆಯೇ ಕುಸಿಯಬಹುದು. ಹೊಟ್ಟೆಯಲ್ಲಿ ತೀವ್ರವಾದ ನೋವು, ನಿಲ್ಲದ ವಾಂತಿ, ವಸಡಿನಲ್ಲಾಗಲಿ ಮಲದಲ್ಲಾಗಲಿ ರಕ್ತ, ತಣ್ಣಗಾದ ಕೈಕಾಲು, ಮಂಪರು, ಚಡಪಡಿಕೆ, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಬಾರದು.

ಮಲೇರಿಯದ ವಿಷಯದಲ್ಲಂತೂ ನಮ್ಮ ಹೊಣೆ ಇನ್ನೂ ದೊಡ್ಡದು. 1934ರಲ್ಲಿ ಲಂಕೆಯಲ್ಲಿ ಮಳೆ ತಪ್ಪಿ, ಹರಿಯುವ ಹೊಳೆಗಳು ಒಣಗಿ ಗುಂಡಿಗುಂಡಿಗಳಾಗಿ ನಿಂತುವು. ಆ ನಿಂತ ನೀರಿನಲ್ಲಿ ಅನಾಫಿಲಿಸ್ ಸೊಳ್ಳೆಗಳು ಬೆಳೆದು, 1935ರೊಳಗೆ ಸುಮಾರು 80,000 ಜನರು ಮಲೇರಿಯದಿಂದ ಸತ್ತರು. ಮುಂದೆ ಡಿ.ಡಿ.ಟಿ.ಯ ಪ್ರಯೋಗದಿಂದ ರೋಗವು ಇಳಿದು, 1963ರಲ್ಲಿ ಇಡೀ ದ್ವೀಪದಲ್ಲಿ ಕಂಡದ್ದು 17 ರೋಗಿಗಳು ಮಾತ್ರ. ಗೆದ್ದೆವೆಂದು ಕೈಬಿಟ್ಟೊಡನೆ, ಆ ದಶಕ ಮುಗಿಯುವುದರೊಳಗೆ ಲಕ್ಷಗಟ್ಟಲೆ ಜನರು ಮತ್ತೆ ಹಾಸಿಗೆ ಹಿಡಿದರು. ಛಲ ಬಿಡದೆ ದುಡಿದು, 2012ರ ಅಕ್ಟೋಬರಿನಲ್ಲಿ ಅಲ್ಲಿಯೇ ಹುಟ್ಟಿದ ಕೊನೆಯ ಪ್ರಕರಣವನ್ನು ಕಂಡ ಆ ದೇಶಕ್ಕೆ, 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಮಲೇರಿಯಮುಕ್ತವೆಂಬ ಪ್ರಮಾಣಪತ್ರವನ್ನು ಕೊಟ್ಟಿತು. ಅದೇ ವರ್ಷದ ಕೊನೆಯಲ್ಲಿ ಮನ್ನಾರಿನಲ್ಲಿ, ನಮ್ಮ ನಗರಗಳಲ್ಲಿ ಮಲೇರಿಯವನ್ನು ಹರಡುವ ಸೊಳ್ಳೆಯ ಜಾತಿಯು ಹೊಸದಾಗಿ ಕಾಣಿಸಿಕೊಂಡಿತು. 2018ರಲ್ಲಿ, ಹೊರದೇಶದಿಂದ ಬಂದಿದ್ದ ಕೂಲಿಯೊಬ್ಬನಿಂದ ಅಲ್ಲಿಯ ಮೊನರಾಗಲ ಜಿಲ್ಲೆಯ ನಿವಾಸಿಯೊಬ್ಬನಿಗೆ ರೋಗವು ತಗಲಿತು. ವೈದ್ಯರು ಎಚ್ಚರದಿಂದಿದ್ದುದರಿಂದ ಅದು ಅಲ್ಲಿಗೇ ನಿಂತಿತು.

ಮೂರು ತಲೆಮಾರಿನ ದುಡಿಮೆಯನ್ನು ಒಬ್ಬ ಪ್ರವಾಸಿಯ ಉದಾಸೀನವು ಕೆಡಿಸಬಾರದು. ಆದುದರಿಂದ ಅಲ್ಲಿ ಜ್ವರ ಬಂದವರು, “ನಾನು ಭಾರತದಿಂದ ಬಂದವನು, ನನ್ನ ರಕ್ತದಲ್ಲಿ ಮಲೇರಿಯವಿದೆಯೇ ನೋಡಿ” ಎಂದು ತಾವಾಗಿಯೇ ವೈದ್ಯರಿಗೆ ಹೇಳತಕ್ಕದ್ದು. ಮಲೇರಿಯದ ಒಂದು ಬಗೆಯು ಯಕೃತ್ತಿನಲ್ಲಿ ಅಡಗಿದ್ದು ತಿಂಗಳುಗಳ ಮೇಲೆ ಎದ್ದುಬರುವುದುಂಟು. ಹಿಂದಿನ ವರ್ಷ ಮಲೇರಿಯ ಬಂದು ಹೋಗಿದ್ದರೆ ಅದನ್ನೂ ಹೇಳಬೇಕು.

ಇನ್ನು ಔಷಧದ ಪೆಟ್ಟಿಗೆ. ವ್ಯಾಪಾರದ ಹೆಸರು ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ. ನಾವು ಇಲ್ಲಿ ಕ್ರೋಸಿನ್ ಎಂದೋ ಡೋಲೋ ಎಂದೋ ಕೇಳುವ ಪ್ಯಾರಾಸಿಟಮಾಲನ್ನು ಅಲ್ಲಿಯ ಜನ ಪನಡಾಲ್ ಎಂದು ಕೇಳುತ್ತಾರೆ. ಹೆಸರು ಬೇರೆಯೆಂದು ಎರಡನ್ನೂ ನುಂಗಿದರೆ ಒಂದೇ ಔಷಧವು ಎರಡರಷ್ಟಾಗುತ್ತದೆ. ಆದುದರಿಂದ ಪ್ರತಿಯೊಂದು ಔಷಧದ ಮೂಲ ಹೆಸರನ್ನೂ ಪ್ರಮಾಣವನ್ನೂ ವೈದ್ಯರಿಂದ ಒಂದು ಚೀಟಿಯಲ್ಲಿ ಬರೆಯಿಸಿಕೊಳ್ಳಬೇಕು. ಮೂಲ ಹೆಸರಿನ ಮಹತ್ವವನ್ನು ಲಂಕೆಗೆ ಕಲಿಸಿದವರು ಅಲ್ಲಿಯವರೇ ಆದ ಪ್ರೊಫೆಸರ್ ಸೇನಕ ಬಿಬಿಲೆಯವರು. 1971ರಲ್ಲಿ ಸ್ಥಾಪಿತವಾದ ಸರಕಾರಿ ಔಷಧ ನಿಗಮಕ್ಕೆ ಮೊದಲ ಅಧ್ಯಕ್ಷರಾಗಿ, ಔಷಧಗಳನ್ನು ಮೂಲ ಹೆಸರಿನಲ್ಲಿಯೇ ಕೊಂಡು, ಬಡವರಿಗೆ ಬೆಲೆಯನ್ನು ಇಳಿಸಿಕೊಟ್ಟರು. ಆ ನಿಗಮದ ಅಂಗಡಿಗಳಿಗೆ ‘ಓಸು ಸಲ’ ಎಂದು ಹೆಸರು.

ಆದರೂ ನಿತ್ಯದ ಔಷಧಗಳನ್ನು ಅಲ್ಲಿ ಕೊಂಡರಾಯಿತೆಂದು ಹೊರಡಬಾರದು. 2022ರಲ್ಲಿ ವಿದೇಶೀ ಹಣ ಬರಿದಾಗಿ, ಆ ದೇಶದ ಆಸ್ಪತ್ರೆಗಳಲ್ಲಿಯೇ ಅವಶ್ಯಕವಾದ ಔಷಧಗಳಿಗೆ ಅಭಾವ ಬಂದಿತ್ತು. ಭಾರತವೂ ಔಷಧಗಳನ್ನು ಕಳುಹಿಸಿಕೊಟ್ಟಿತು. ಪ್ರವಾಸದ ದಿನಗಳಿಗೆ ಬೇಕಾದಷ್ಟನ್ನೂ, ಮೇಲೆ ಒಂದು ವಾರದಷ್ಟನ್ನೂ, ಬಿಡಿಮಾತ್ರೆಗಳಾಗಿ ಅಲ್ಲದೆ ಅಚ್ಚಾದ ಹೆಸರಿರುವ ಹೊದಿಕೆಯಲ್ಲಿಯೇ ಒಯ್ಯುವುದು ಸರಿ. ನಿದ್ರೆಯ ಔಷಧ ಮೊದಲಾದುವಕ್ಕೆ ವೈದ್ಯರ ಚೀಟಿ ಜೊತೆಯಲ್ಲಿರಬೇಕು. ಇನ್‌ಸುಲಿನ್ ಕೈಚೀಲದಲ್ಲಿರಲಿ, ವಿಮಾನದ ಸಾಮಾನಿನ ಕೋಣೆಯ ಚಳಿಯಲ್ಲಿ ಅದು ಹೆಪ್ಪುಗಟ್ಟಿ ಕೆಡಬಹುದು.

ಉಳಿದ ವಿಷಯಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಕುದಿಸಿದ ಅಥವಾ ಮುದ್ರೆ ಒಡೆಯದ ನೀರನ್ನೇ ಕುಡಿಯಬೇಕು. ‘ತಂಬಿಲಿ’ ಎಂಬ ಕಿತ್ತಳೆಬಣ್ಣದ ಎಳನೀರನ್ನು ಕಣ್ಣೆದುರಿಗೇ ಕೆತ್ತಿಸಿ ಕುಡಿಯಬಹುದು. ಮೂತ್ರಪಿಂಡದ ರೋಗವುಳ್ಳವರಿಗೆ ಮಾತ್ರ ಯಾವ ಎಳನೀರೂ ವೈದ್ಯರ ಅನುಮತಿಯಿಲ್ಲದೆ ಸಲ್ಲದು. ಭೇದಿಯಾದರೆ ಓ.ಆರ್.ಎಸ್. ಪುಡಿಯನ್ನು, ಅದು ಇಲ್ಲವಾದರೆ ಒಂದು ಲೀಟರು ಶುದ್ಧ ನೀರಿಗೆ ಮಟ್ಟವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರಸಿ ಕುಡಿಯುತ್ತಿರಬೇಕು. ಸಿಂಹರಾಜದ ಕಾಡಿನಲ್ಲಿ, ನಮ್ಮ ಮಲೆನಾಡಿನವರಿಗೆ ಪರಿಚಿತವಾದ ಇಂಬಳಗಳಿವೆ. ಅವುಗಳಿಂದ ಕಿರುಕುಳವೇ ಹೊರತು ಭಯವಿಲ್ಲ. ಭಯಪಡಬೇಕಾದದ್ದು ಬೀದಿಯ ನಾಯಿಗೂ ದೇವಾಲಯಗಳ ಬಳಿಯ ಕೋತಿಗೂ. ಕಚ್ಚಿದರೆ, ಪರಚಿದರೂ ಸರಿಯೆ, ಗಾಯವನ್ನು ಸೋಪಿನಿಂದ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಇಂಜಕ್ಷನ್ ಪಡೆಯಬೇಕು. ಹುಚ್ಚುನಾಯಿಯ ರೋಗವು ಕಾಣಿಸಿಕೊಂಡ ಮೇಲೆ ಅದಕ್ಕೆ ಮದ್ದಿಲ್ಲ.

ಆಸ್ಪತ್ರೆಗಳ ವಿಷಯದಲ್ಲಿ ಅಧೈರ್ಯಪಡಬೇಕಾದುದಿಲ್ಲ. ಮಿಹಿಂತಲೆಯ ಬೆಟ್ಟದ ತಪ್ಪಲಿನಲ್ಲಿ ಒಂಬತ್ತನೆಯ ಶತಮಾನದ ಆಸ್ಪತ್ರೆಯೊಂದರ ಅವಶೇಷವನ್ನೂ, ರೋಗಿಯನ್ನು ಔಷಧದ ದ್ರವದಲ್ಲಿ ಮಲಗಿಸುತ್ತಿದ್ದ ಕಲ್ಲಿನ ತೊಟ್ಟಿಯನ್ನೂ ತಾವು ನೋಡಬಹುದು. ಶುಶ್ರೂಷೆಯು ಆ ನಾಡಿಗೆ ಹಳೆಯ ಧರ್ಮ. 1990 ಎಂಬ ಸಂಖ್ಯೆಗೆ ಕರೆ ಮಾಡಿದರೆ ‘ಸುವ ಸೆರಿಯ’ ಎಂಬ ಆಂಬುಲೆನ್ಸು ಹಣವಿಲ್ಲದೆ ಬರುತ್ತದೆ. 2016ರಲ್ಲಿ ಭಾರತದ ನೆರವಿನಿಂದ ಎರಡು ಪ್ರಾಂತಗಳಲ್ಲಿ ಆರಂಭವಾಗಿ ಅನಂತರ ದೇಶವನ್ನೆಲ್ಲಾ ವ್ಯಾಪಿಸಿದ ಸೇವೆ ಅದು. ನಮ್ಮ ಉಪಾಧ್ಯಾಯರನ್ನು ಹೊತ್ತೊಯ್ದದ್ದೂ ಅದೇ. ಖಾಸಗಿ ಆಸ್ಪತ್ರೆಗಳಲ್ಲಿ ಖರ್ಚು ಹೆಚ್ಚಾಗಬಹುದಾದುದರಿಂದ ಪ್ರವಾಸದ ವಿಮೆಯನ್ನು ಮೊದಲೇ ಮಾಡಿಸಿರಬೇಕು.

ಮರಳಿ ಬಂದ ಮೇಲೆ ಎರಡು ವಾರಗಳೊಳಗೆ ಜ್ವರ ಬಂದರೆ, “ಲಂಕೆಗೆ ಹೋಗಿದ್ದೆ” ಎಂದು ಇಲ್ಲಿಯ ವೈದ್ಯರಿಗೆ ತಿಳಿಸಲು ಮರೆಯಬಾರದು. ಹೊರಡುವ ಮುನ್ನ ಮನೆಯ ಹೂಕುಂಡಗಳ ತಟ್ಟೆಯ ನೀರನ್ನು ಚೆಲ್ಲಿ, ತೊಟ್ಟಿಗೆ ಮುಚ್ಚಳ ಹಾಕಿ ಹೊರಡಿರಿ. ನೆರೆಯವರ ಮನೆಗೆ ಹೋಗುವಾಗ ಕಾಲು ತೊಳೆದು ಒಳಗೆ ಹೋಗುವುದು ನಮ್ಮ ಹಿರಿಯರ ಪದ್ಧತಿ. ನೆರೆಯ ದೇಶಕ್ಕೆ ಹೋಗುವಾಗಲೂ ಅದೇ ಮರ್ಯಾದೆ ನಮ್ಮದಾಗಲಿ.