ಮೇವಿಗೂ ಒಂದಾಗೋಣ

(ಪ್ರಾದೇಶಿಕ ಸಭೆಯಲ್ಲಿ ಒಕ್ಕೂಟದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಭೆ ಸೇರಿದಾಗಲೆಲ್ಲ ತಾವು ನಮ್ಮನ್ನು ಮೊದಲು ಕೇಳುವುದು, "ಲೀಟರಿಗೆ ದರ ಎಷ್ಟು ಏರಿತು?" ಎಂದು. ಕೇಳಬೇಕಾದ್ದೇ. ಆದರೆ ಇಂದು ನಾನು ತಮ್ಮನ್ನು ಒಂದು ಮಾತು ಕೇಳುತ್ತೇನೆ. ಬರುವ ಬೇಸಿಗೆಗೆ ತಮ್ಮ ಮೆದೆಯಲ್ಲಿ ಎಷ್ಟು ಹುಲ್ಲಿದೆ?

ಹಾಲು ಉತ್ಪಾದನೆಯ ಖರ್ಚಿನಲ್ಲಿ ಹತ್ತರಲ್ಲಿ ಆರೇಳು ಪಾಲು ಮೇವು ಮತ್ತು ಪಶು ಆಹಾರಕ್ಕೇ ಹೋಗುತ್ತದೆ. ದರ ಏರಿದಷ್ಟೇ ಹುಲ್ಲಿನ ಬೆಲೆಯೂ ಏರಿದರೆ ನಮ್ಮ ಕೈಯಲ್ಲಿ ಉಳಿಯುವುದೇನು?

2023ರ ಬರವನ್ನು ತಾವು ಮರೆತಿರಲಾರಿರಿ. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. ಆ ವರ್ಷ ನನ್ನ ಊರಿನ ಒಬ್ಬ ತಾಯಿ ತಮ್ಮ ಗಬ್ಬದ ಹಸುವನ್ನು ಸಂತೆಗೆ ಹೊಡೆದುಕೊಂಡು ಹೋದರು. ಹಾಲಿಗೆ ಬೆಲೆಯಿಲ್ಲವೆಂದಲ್ಲ, ಹುಲ್ಲಿಲ್ಲವೆಂದು. ಮಳೆ ಬಂದ ಮೇಲೆ ಅಂತಹ ಹಸುವನ್ನು ಮತ್ತೆ ಕೊಳ್ಳಲು ಅವರಿಂದ ಆಗಲಿಲ್ಲ. ಆ ಮನೆಯ ಹಾಲು ಇಂದಿಗೂ ಡೇರಿಗೆ ಬರುತ್ತಿಲ್ಲ. ನಿರ್ದೇಶಕನಾಗಿದ್ದೂ ಅವರಿಗೆ ನಾಲ್ಕು ಹೊರೆ ಹುಲ್ಲು ಕೊಡಿಸಲಾಗಲಿಲ್ಲವೆಂಬ ನೋವು ನನಗಿದೆ.

ಮೇವು ಏಕೆ ಕಡಿಮೆಯಾಯಿತು? ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ನೀಲಗಿರಿ ಬಂತು, ಬಡಾವಣೆ ಬಂತು. ಗೋಮಾಳ ಕರಗಿತು. ಕೊಳವೆ ಬಾವಿ ಬತ್ತಿ ಹಸಿರು ಮೇವು ನಿಂತಿತು. ಇತ್ತ ನಾವು ಹುಲ್ಲಿಗಾಗಿ ಅಲೆಯುವಾಗ, ಅತ್ತ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಯಂತ್ರದಿಂದ ಭತ್ತ ಕೊಯ್ದ ಗದ್ದೆಗಳಲ್ಲಿ ಹುಲ್ಲಿಗೆ ಬೆಂಕಿ ಇಡುವುದೂ ಉಂಟು. ಅದನ್ನು ಕಟ್ಟಿ, ಸಾಗಿಸಿ, ಕೂಡಿಡುವುದು ಒಬ್ಬ ರೈತನ ಕೈಲಾಗುವ ಕೆಲಸವಲ್ಲ.

ಒಬ್ಬೊಬ್ಬರಿಂದ ಆಗದ್ದನ್ನು ಸಾಧಿಸಲೆಂದೇ ಸಹಕಾರ ಹುಟ್ಟಿತು. 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿದ್ದು ಸಾಲಕ್ಕಾಗಿ. 1946ರಲ್ಲಿ ಗುಜರಾತಿನ ಖೇಡಾ ರೈತರು ತ್ರಿಭುವನದಾಸ್ ಪಟೇಲರ ಮುಂದಾಳತ್ವದಲ್ಲಿ ಸೇರಿದ್ದು ಹಾಲು ಮಾರುವುದಕ್ಕಾಗಿ. ನಾವೂ ಹಾಲು ಮಾರಲು ಒಂದಾದೆವು. ಮೇವಿಗಾಗಿ ಮಾತ್ರ ಇನ್ನೂ ಒಬ್ಬೊಬ್ಬರೇ ಓಡಾಡುತ್ತಿದ್ದೇವೆ.

ಆದ್ದರಿಂದ ನನ್ನ ಸಲಹೆಗಳು ಇವು.

ಮೊದಲನೆಯದಾಗಿ, ರಾಗಿ ಕೊಯ್ಲಿಗೆ ಮುಂಚೆಯೇ ಪ್ರತಿ ಸಂಘವೂ ತನ್ನ ಸದಸ್ಯರ ರಾಸು ಮತ್ತು ಮೇವಿನ ಲೆಕ್ಕ ಬರೆದಿಡಲಿ. ಒಂದು ಹಸುವಿಗೆ ದಿನಕ್ಕೆ ಆರು ಕಿಲೋ ಒಣಹುಲ್ಲು ಎಂದರೂ ನೂರು ದಿನದ ಬೇಸಿಗೆಗೆ ಆರು ಕ್ವಿಂಟಾಲ್ ಬೇಕು.

ಎರಡನೆಯದಾಗಿ, ಹಸು ಕಟ್ಟದ ರೈತರೊಡನೆ ಮಾತಾಡಿ. ಅವರ ಹುಲ್ಲು ನಮಗೆ, ನಮ್ಮ ಕೊಟ್ಟಿಗೆ ಗೊಬ್ಬರ ಅವರ ಹೊಲಕ್ಕೆ. ಹುಲ್ಲು ಕೊಂಡಿಡುವ ಬಂಡವಾಳಕ್ಕೆ ಕೃಷಿ ಪತ್ತಿನ ಸಂಘದೊಡನೆ, ಮೇವು ಬೆಳೆಯುವ ಜಾಗಕ್ಕೆ ಗ್ರಾಮ ಪಂಚಾಯಿತಿಯೊಡನೆ, ಬೀಜ ಮತ್ತು ತಿಳಿವಳಿಕೆಗೆ ರೈತ ಸಂಪರ್ಕ ಕೇಂದ್ರ ಹಾಗೂ ಕೃಷಿ ವಿಜ್ಞಾನ ಕೇಂದ್ರದೊಡನೆ ಒಟ್ಟಿಗೆ ಕುಳಿತು ಯೋಚಿಸೋಣ. ದೂರದ ಅಚ್ಚುಕಟ್ಟಿನ ಹುಲ್ಲು ತರಿಸುವ ಕೆಲಸವನ್ನು ಒಕ್ಕೂಟಗಳು ಸೇರಿ ಮಾಡಬೇಕು. ಆ ಮಾತನ್ನು ನಾನು ಆಡಳಿತ ಮಂಡಳಿಯ ಮುಂದಿಡುತ್ತೇನೆ.

ಮೂರನೆಯದು ಮನೆಯ ಕೆಲಸ. ಮೇವನ್ನು ಕತ್ತರಿಸಿಯೇ ಹಾಕಿ, ವ್ಯರ್ಥವಾಗುವುದು ತಗ್ಗುತ್ತದೆ. ನೂರು ಕಿಲೋ ಒಣ ಭತ್ತದ ಹುಲ್ಲಿಗೆ ನಾಲ್ಕು ಕಿಲೋ ಯೂರಿಯಾವನ್ನು ಐವತ್ತು ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ ಸಮವಾಗಿ ಚಿಮುಕಿಸಿ, ಗಾಳಿಯಾಡದಂತೆ ಮೂರು ವಾರ ಮುಚ್ಚಿಡಿ. ತೆಗೆದ ಮೇಲೆ ಸ್ವಲ್ಪ ಹೊತ್ತು ಗಾಳಿಗೆ ಹರವಿ ಹಾಕಿ. ಆರು ತಿಂಗಳೊಳಗಿನ ಕರುಗಳಿಗೆ ಇದು ಬೇಡ. ಯೂರಿಯಾ ನೀರನ್ನು ರಾಸುಗಳು ಕುಡಿಯದಂತೆ ಎಚ್ಚರ ವಹಿಸಿ, ಅದು ವಿಷ. ಮೊದಲ ಸಲ ಪಶುವೈದ್ಯರನ್ನು ಕೇಳಿಯೇ ಮಾಡಿ.

ಬಂಧುಗಳೇ, ಮಳೆ ನಮ್ಮ ಕೈಯಲ್ಲಿಲ್ಲ, ಮೆದೆ ನಮ್ಮ ಕೈಯಲ್ಲಿದೆ. ತಮ್ಮ ಸಂಘದ ಮುಂದಿನ ಸಭೆಯಲ್ಲಿ ದರದ ಪ್ರಶ್ನೆಯ ಜೊತೆಗೆ ಮೇವಿನ ಪ್ರಶ್ನೆಯನ್ನೂ ಎತ್ತಿ. ಇನ್ನೊಂದು ಬರ ಬಂದಾಗ ನಮ್ಮ ಯಾವ ಸದಸ್ಯರೂ ಗಬ್ಬದ ಹಸುವನ್ನು ಸಂತೆಗೆ ಹೊಡೆಯುವಂತಾಗಬಾರದು.