ಸುಗ್ಗಿಯ ಕಾಲದ ಸೀನು

ಕಾರ್ತಿಕ ಮಾಸ ಬಂದಿತೆಂದರೆ ರಾಯಚೂರಿನ ಅಕ್ಕಿ ಗಿರಣಿಗಳ ಮುಂದೆ ಭತ್ತದ ಲಾರಿಗಳು ಸಾಲುಗಟ್ಟುತ್ತವೆ. ನನ್ನ ತರಗತಿಯಲ್ಲಿ ಸೀನುಗಳು ಸಾಲುಗಟ್ಟುತ್ತವೆ. ಜ್ವರವಿಲ್ಲ, ಮೈಕೈ ನೋವಿಲ್ಲ. ಬೆಳಗಿನ ಜಾವ ಹತ್ತು ಹನ್ನೆರಡು ಸೀನು, ನೀರಿನಂತೆ ಸುರಿಯುವ ಮೂಗು, ತುರಿಸುವ ಕಣ್ಣು. ತಮ್ಮ ಮನೆಯಲ್ಲಿಯೂ ಇಂಥವರೊಬ್ಬರು ಇದ್ದಾರು. ನಾವು ಇದನ್ನು ನೆಗಡಿಯೆಂದೇ ಕರೆಯುತ್ತೇವೆ. ಆದರೆ ನೆಗಡಿ ಒಂದು ವಾರ, ಹೆಚ್ಚೆಂದರೆ ಹತ್ತು ದಿನಗಳಲ್ಲಿ ಇಳಿಯುತ್ತದೆ. ಇದು ಸುಗ್ಗಿ ಮುಗಿಯುವವರೆಗೂ ಇದ್ದು, ಮರುವರ್ಷ ಅದೇ ತಿಂಗಳಿಗೆ ಬಾಕಿ ವಸೂಲಿಗೆ ಬಂದಂತೆ ಬರುತ್ತದೆ.

ಇಂಥ ಒಗ್ಗದಿಕೆಗೆ ವಿಯೆನ್ನಾದ ವೈದ್ಯ ಪಿರ್ಕೆ 1906ರಲ್ಲಿ ಟಂಕಿಸಿದ ‘ಅಲರ್ಜಿ’ ಎಂಬ ಹೆಸರು ಈಗ ಎಲ್ಲರ ಬಾಯಲ್ಲಿದೆ. ನಮ್ಮ ಆಯುರ್ವೇದದಲ್ಲಿ ದೇಹಕ್ಕೆ ಒಗ್ಗುವುದು ಸಾತ್ಮ್ಯ, ಒಗ್ಗದ್ದು ಅಸಾತ್ಮ್ಯ. ಮೂಗು ಸೋರುವ ಪ್ರತಿಶ್ಯಾಯವೆಂಬ ವ್ಯಾಧಿಗೆ ಚರಕಸಂಹಿತೆ ಕಾರಣಗಳನ್ನು ಎಣಿಸುವಾಗ ಧೂಳು, ಅಜೀರ್ಣ, ಋತುವಿನ ಏರುಪೇರುಗಳ ಜೊತೆಗೆ ಅತಿಯಾದ ಮಾತನ್ನೂ ಕೋಪವನ್ನೂ ಹೇಳಿದೆ. ಉಪಾಧ್ಯಾಯರನ್ನು ಎದುರಿಗೆ ಕೂರಿಸಿಕೊಂಡು ಬರೆದಂತಿದೆ!

ನಗೆಮಾತು ಸಾಕು. ನನ್ನ ಅಕ್ಕನನ್ನು ಮಾನ್ವಿಯ ಕಡೆಗೆ ಕೊಟ್ಟಿದೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಕುಡಿಯುವ ಭತ್ತದ ಗದ್ದೆ ಅವರದು. ಪ್ರತಿ ಸುಗ್ಗಿಯಲ್ಲಿಯೂ ಆಕೆಗೆ ಸೀನು. ಪ್ರತಿ ಸುಗ್ಗಿಯಲ್ಲಿಯೂ ನಾನು ಫೋನಿನಲ್ಲಿ ಕಷಾಯ ಹೇಳುವವನು. ತುಳಸಿ, ಒಣಶುಂಠಿ, ಮೆಣಸು, ಜೀರಿಗೆ. ಮೊಸರನ್ನೂ ಬಿಡಿಸಿದೆ. “ತಮ್ಮಾ, ನಿನ್ನ ಕಷಾಯ ಕುಡ್ದು ಕುಡ್ದು ನಾಲಿಗಿ ಕಯ್ಯಿ ಆಗ್ಯಾದ, ಸೀನು ಮಾತ್ರ ಹೋಗವಲ್ದು” ಎನ್ನುತ್ತಿದ್ದಳು. ಒಂದು ವರ್ಷ ಸೀನು ಎದೆಗಿಳಿಯಿತು. ಮಲಗಿದರೆ ಉಬ್ಬಸ. ಆಡುಸೋಗೆಯ ಎಲೆಯನ್ನೂ ಸೇರಿಸೆಂದೆ. ಮೂರನೆಯ ರಾತ್ರಿ ಒಂದು ವಾಕ್ಯವನ್ನು ಪೂರ್ತಿ ಆಡಲು ಆಕೆಗೆ ಉಸಿರು ಸಾಲಲಿಲ್ಲ. ಕತ್ತಲಲ್ಲಿಯೇ ರಾಯಚೂರಿಗೆ ಕರೆತಂದರು, ಆಮ್ಲಜನಕ ಕೊಡಬೇಕಾಯಿತು. “ಮೂರು ದಿನ ಏನು ಮಾಡುತ್ತಿದ್ದಿರಿ?” ಎಂದು ವೈದ್ಯರು ಕೇಳಿದರು. ಮೂವತ್ತು ವರ್ಷ ಹುಡುಗರಿಗೆ ಪ್ರಶ್ನೆ ಹಾಕಿದವನಿಗೆ ಅಂದು ಉತ್ತರ ದೊರೆಯಲಿಲ್ಲ.

ಗುಣವಾದ ಮೇಲೆ ಅಕ್ಕ ಹದಿನೈದು ದಿನ ದೇವದುರ್ಗದಲ್ಲಿ ಮಗಳ ಮನೆಯಲ್ಲಿದ್ದಳು. ಸೀನು ನಿಂತಿತು. ದೇವದುರ್ಗದಲ್ಲಿ ಧೂಳಿಲ್ಲವೆಂದಲ್ಲ, ಅದು ಹತ್ತಿ ಬಿಡಿಸುವ ಕಾಲ. ಮಗಳ ಮನೆಯಲ್ಲಿ ಮೊಸರನ್ನೂ ಉಂಡಳಂತೆ. ತಿರುಗಿ ಊರಿಗೆ ಬಂದು ಹುಲ್ಲಿನ ಬಣವೆಗೆ ಕೈಯಿಟ್ಟ ದಿನವೇ ಮೂಗು ಹರಿಯಿತು. ಆಗ ತಿಳಿಯಿತು: ಆಕೆಗೆ ಒಗ್ಗದ್ದು ಮೊಸರಲ್ಲ, ತಣ್ಣೀರಲ್ಲ, ಭತ್ತದ ಸುಂಕು ಮತ್ತು ತೇವ ಹಿಡಿದ ಹುಲ್ಲಿನ ಬೂಷ್ಟು.

ಆದುದರಿಂದ ತಾವು ಮೊದಲು ಮಾಡತಕ್ಕ ಕೆಲಸ ಕಷಾಯ ಕಾಯಿಸುವುದಲ್ಲ. ಸೀನು ಬಂದ ದಿನ, ಹೊತ್ತು, ಅಂದು ಎಲ್ಲಿದ್ದಿರಿ, ಏನು ಮುಟ್ಟಿದಿರಿ ಎಂಬುದನ್ನು ಗೋಡೆಯ ಪಂಚಾಂಗದಲ್ಲಿಯೇ ಗುರುತು ಹಾಕಿರಿ. ಒಬ್ಬರಿಗೆ ಬಳ್ಳಾರಿ ಜಾಲಿಯ ಪರಾಗ ಒಗ್ಗದು. ಇನ್ನೊಬ್ಬರಿಗೆ, 1950ರ ದಶಕದಲ್ಲಿ ಪುಣೆಯ ಬಳಿ ಕಾಣಿಸಿಕೊಂಡು ನಮ್ಮ ಬೀದಿಯಂಚುಗಳಿಗೂ ಹಬ್ಬಿದ ಕಾಂಗ್ರೆಸ್ ಹುಲ್ಲು. ಮತ್ತೊಬ್ಬರಿಗೆ ಹಾಸಿಗೆಯಲ್ಲಿರುವ, ಕಣ್ಣಿಗೆ ಕಾಣದ ಹುಳು.

ಕಾರಣ ಸಿಕ್ಕಿದರೆ ಅಭ್ಯಾಸಗಳು ಸುಲಭ. ರಾಶಿಯ ದಿನ ಮೂಗು ಬಾಯಿಗೆ ಬಟ್ಟೆ ಅಥವಾ ಮಾಸ್ಕು. ಮನೆಗೆ ಬಂದೊಡನೆ ಸ್ನಾನ, ಬೇರೆ ಬಟ್ಟೆ. ಕಸ ಗುಡಿಸುವ ಮೊದಲು ನೀರು ಚಿಮುಕಿಸುವುದು ನಮ್ಮ ಹಿರಿಯರ ಕ್ರಮವೇ. ಕುದಿಸಿ ಆರಿಸಿದ ಒಂದು ಲೋಟ ನೀರಿಗೆ ಕಾಲು ಟೀ ಚಮಚ ಉಪ್ಪು ಬೆರೆಸಿ ಮೂಗು ತೊಳೆದರೆ ಒಳಗೆ ಕುಳಿತ ಧೂಳು ಹೊರಬೀಳುತ್ತದೆ. ನಲ್ಲಿಯ ಹಸಿನೀರು ಬೇಡ. ಸೀನು ಬಂದವರ ಕೋಣೆಗೆ ಲೋಬಾನದ ಹೊಗೆ ಹಾಕುವ ಪದ್ಧತಿಯಿದೆ, ದಯಮಾಡಿ ಬಿಡಿರಿ. ಉರಿಯುವ ಮೂಗಿಗೆ ಹೊಗೆ ಇನ್ನಷ್ಟು ಉರಿ.

ಮೂಲಿಕೆಗಳನ್ನು ನಾನು ಹಳಿಯುತ್ತಿಲ್ಲ. ತುಳಸಿ ಶುಂಠಿಯ ಬಿಸಿ ಕಷಾಯ ಗಂಟಲಿಗೆ ಹಿತ, ಕಟ್ಟಿದ ಕಫ ಸಡಿಲಿಸುತ್ತದೆ. ಆಡುಸೋಗೆಯಲ್ಲಿರುವ ವ್ಯಾಸಿಸಿನ್ ಎಂಬ ಸತ್ವದ ಮಾದರಿಯಿಂದಲೇ ಕಫ ಕರಗಿಸುವ ಬ್ರೋಮ್‌ಹೆಕ್ಸಿನ್ ಔಷಧ ಹುಟ್ಟಿತು. ಆದರೆ ಗರ್ಭಿಣಿಯರಿಗೆ ಆಡುಸೋಗೆ ಸಲ್ಲದು. ವರ್ಷ ತುಂಬದ ಕೂಸಿಗೆ ಜೇನು ಸಲ್ಲದು. ಅಮೃತಬಳ್ಳಿಯನ್ನು ಬಳಸಿದ ಕೆಲವರಲ್ಲಿ ಯಕೃತ್ತಿಗೆ ಪೆಟ್ಟು ಬಿದ್ದುದನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ವಾದ ಏನೇ ಇರಲಿ, ತಿಂಗಳುಗಟ್ಟಲೆ ಲೋಟಗಟ್ಟಲೆ ಕುಡಿಯುವುದು ಜಾಣತನವಲ್ಲ. ಎದೆಯಲ್ಲಿ ಸಿಳ್ಳೆಯಂಥ ಸದ್ದು, ಮಾತಿಗೆ ಸಾಲದ ಉಸಿರು, ನೀಲಿಗಟ್ಟಿದ ತುಟಿ ಕಂಡರೆ ಒಲೆಯ ಮೇಲಿನ ಪಾತ್ರೆಯನ್ನು ಇಳಿಸಿ ಆಸ್ಪತ್ರೆಗೆ ಹೊರಡಿರಿ.

ನನ್ನ ಅಕ್ಕ ಈಗಲೂ ಮಾನ್ವಿಯಲ್ಲಿಯೇ ಇದ್ದಾಳೆ. ಬಣವೆಯ ಕೆಲಸ ಸೊಸೆಯದು. ವೈದ್ಯರು ಕೊಟ್ಟ, ಬಾಯಿಯಿಂದ ಎಳೆದುಕೊಳ್ಳುವ ಔಷಧ ದೇವರ ಗೂಡಿನ ಪಕ್ಕದಲ್ಲಿರುತ್ತದೆ. ಹೇಳಿದಂತೆ ದಿನವೂ ತೆಗೆದುಕೊಳ್ಳುತ್ತಾಳೆ. ಸಂಜೆಗೆ ತುಳಸಿ ಕಷಾಯವೂ ಉಂಟು, ಊಟಕ್ಕೆ ಮೊಸರೂ ಉಂಟು.