ಕಂಬಾರನ ಬಾಕಿ

(ಕಾಗಿನೆಲೆಯಲ್ಲಿ ರೈತರ ಮುಂದೆ ಆಡಿದ ಮಾತುಗಳ ಬರಹ)



ನಾವು ಸಭೆ ಸೇರಿದಾಗಲೆಲ್ಲ ನಮಗೆ ಬರಬೇಕಾದ ಬಾಕಿಯ ಮಾತು ಆಡುತ್ತೇವೆ. ಬೆಲೆಯ ಬಾಕಿ, ಬೆಳೆವಿಮೆಯ ಬಾಕಿ, ಕಬ್ಬಿನ ಬಾಕಿ. ಆಡಲೇಬೇಕು. ಆದರೆ ಇವತ್ತು ನಾವು ಕೊಡಬೇಕಾದ ಬಾಕಿಯ ಮಾತು ಆಡೋಣ. ಸೊಸೈಟಿಯದಲ್ಲ, ಬ್ಯಾಂಕಿನದಲ್ಲ. ಊರ ಕಂಬಾರ, ಬಡಿಗ, ವೆಲ್ಡಿಂಗ್ ಅಂಗಡಿಯ ಹುಡುಗ, ಸುಟ್ಟ ಮೋಟಾರು ಕಟ್ಟಿಕೊಡುವವ, ಬಟ್ಟೆ ಹೊಲಿಯುವ ತಂಗಿ, ಇವರ ಬಾಕಿ. 300, 500, 800 ರೂಪಾಯಿ. ನಮಗೆ ಸಣ್ಣದು. ಅವರಿಗೆ ಅದೇ ಸಂತೆ, ಅದೇ ಔಷಧ, ಅದೇ ಮಗನ ಶಾಲೆ.

ಮೊದಲು ನನ್ನ ತಪ್ಪನ್ನೇ ಹೇಳತೀನಿ. ಒಂದು ಮುಂಗಾರಿಗೆ ಎಡೆಕುಂಟೆಗೆ ಹೊಸ ಕುಡ ಹಾಕಿಸಿದೆ. 400 ರೂಪಾಯಿ ಆಯಿತು. "ಸುಗ್ಗಿಗೆ ಕೊಡತೀನಿ" ಅಂದೆ. ಸುಗ್ಗಿ ಬಂತು. ರೊಕ್ಕ ದಲಾಲಿ ಅಂಗಡಿಯ ಮುಂಗಡಕ್ಕೆ ಹೋಯಿತು, ಗೊಬ್ಬರದ ಅಂಗಡಿಗೆ ಹೋಯಿತು, ಕಂಬಾರನಿಗೆ ಹೋಗಲಿಲ್ಲ. ಎರಡು ಸಲ ಮನೆಗೆ ಬಂದು ನಿಂತ. ಮೂರನೆಯ ಸಲ ಬಸ್ ನಿಲ್ದಾಣದಲ್ಲಿ ಕೇಳಿದ. ನಾಲ್ಕು ಮಂದಿಯ ಮುಂದೆ ನಾನು, "ಎಲ್ಲಿ ಓಡಿ ಹೊಂಟೀನೇನೋ? ನಿನ್ನ 400 ರೂಪಾಯಿಗೆ ಹೊಲ ಬರೆದು ಕೊಡಲೇನು?" ಅಂದೆ. ಅವರು ನಕ್ಕರು. ಅವನು ತಲೆ ಬಗ್ಗಿಸಿ ಹೋದ, ಮತ್ತೆ ಕೇಳಲಿಲ್ಲ.

ಎರಡು ವರ್ಷಕ್ಕೆ ಕುಲುಮೆ ಆರಿತು. ನನ್ನ ಒಬ್ಬನ 400ರಿಂದ ಆರಲಿಲ್ಲ, ನನ್ನಂಥ ಐವತ್ತು ಮನೆಗಳಿಂದ ಆರಿತು. ಇದ್ದಿಲಿನವ, ಕಬ್ಬಿಣದವ ಅವನಿಗೆ ಉದ್ರಿ ಕೊಡಲಿಲ್ಲವಲ್ಲ. ಅವನು ಹುಬ್ಬಳ್ಳಿಗೆ ಕೂಲಿಗೆ ಹೋದ. ಈಗ ಕುಡ ತಟ್ಟಿಸಲು ನಾನು ಹಾವೇರಿಯ ಬಸ್ಸು ಹತ್ತುತ್ತೇನೆ. ಅಲ್ಲಿ ನಗದು. ಬಸ್ಸಿನ ರೊಕ್ಕ ಬೇರೆ, ಒಂದು ದಿನ ಹಾಳು, ಅಷ್ಟರಲ್ಲಿ ಹೊಲದ ಹದ ಹೋಗಿರುತ್ತದೆ. 400 ಉಳಿಸಿದೆ ಅಂತ ತಿಳಿದಿದ್ದೆ. ಲೆಕ್ಕ ಹಾಕಿ ನೋಡಿರಿ.

ಹಿಂದೆ ಆಯ ಇತ್ತು. ಕಣದಲ್ಲಿ ರಾಶಿ ಆದ ಮೇಲೆ ಕಂಬಾರನಿಗೆ, ಬಡಿಗನಿಗೆ, ಕ್ಷೌರಿಕನಿಗೆ, ಅಗಸನಿಗೆ ಕಾಳು ಅಳೆದು, ಆಮೇಲೆ ಮನೆಗೆ ಒಯ್ಯುತ್ತಿದ್ದರು. ಆ ಕಾಲ ಚಲೋ ಇತ್ತು ಅಂತ ಹೇಳಲಾರೆ. ದುಡಿದವನು ಬೇಡುವವನ ಹಾಗೆ ಕಣದ ಅಂಚಿಗೆ ನಿಲ್ಲಬೇಕಾಗಿತ್ತು. ಜಾತಿಯ ಮೇಲೆ ಅಳತೆ, ದಣಿಯ ಮನಸ್ಸಿನ ಮೇಲೆ ಅಳತೆ. ಆದರೂ ಒಂದು ಮಾತಿತ್ತು: ಆಯ ಅಳೆಯುವ ದಿನ ಊರಿಗೆಲ್ಲ ಗೊತ್ತಿತ್ತು. ಈಗ ಜೋಳದ ಕಣ ಹೋಗಿ ಗೋವಿನಜೋಳ, ಹತ್ತಿ, ಮೆಣಸಿನಕಾಯಿ ಬಂದವು. ಮಾಲು ಹೊಲದಿಂದ ನೇರ ಪೇಟೆಗೆ ಹೋಗುತ್ತದೆ, ರೊಕ್ಕ ಖಾತೆಗೆ ಬೀಳುತ್ತದೆ. ಆಯ ಹೋಯಿತು, ಕೊಡುವ ದಿನವೂ ಹೋಯಿತು, ಉದ್ರಿ ಮಾತ್ರ ಉಳಿಯಿತು.

"ನಮಗೇ ಬೆಲೆ ಸಿಗದಾಗ ಎಲ್ಲಿಂದ ಕೊಡೋದು?" ಅಂತ ಕೇಳುವಿರಿ. ಸುಳ್ಳಲ್ಲ. 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ಕುಸಿದಾಗ ಸಿಟ್ಟಿಗೆ ಮಾರುಕಟ್ಟೆ ಕಚೇರಿಗೇ ಬೆಂಕಿ ಬಿತ್ತು. ಬೆಂಕಿ ಸರಿಯಲ್ಲ, ಸಂಕಟ ಮಾತ್ರ ನಿಜ. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ರೈತರು ಎದ್ದದ್ದೂ ಕೊಡಲಾರದ ಕರದ ಮೇಲೆ. ಆದರೆ ನಮ್ಮ ವಾದ ಏನು? ದುಡಿಮೆಗೆ ತಕ್ಕ ಬೆಲೆ ಬೇಕು, ಹೊತ್ತಿಗೆ ಸರಿಯಾಗಿ ಬೇಕು. ಈ ನ್ಯಾಯ ಹೊಲಕ್ಕೆ ಒಂದು, ಕುಲುಮೆಗೆ ಒಂದು ಆಗುವುದಿಲ್ಲ. ದಲಾಲಿ ನಮಗೆ "ನಾಳೆ ಬಾ" ಅಂದರೆ ಹೊಟ್ಟೆ ಉರಿಯುತ್ತದಲ್ಲ, ನಾವು ಕಂಬಾರನಿಗೆ ಅನ್ನುವುದೂ ಅದೇ ಮಾತು. ಇದು ಕನಕದಾಸರ ನೆಲ. ರಾಮಧಾನ್ಯ ಚರಿತೆಯಲ್ಲಿ ಬತ್ತದ ಸೊಕ್ಕು ಇಳಿಸಿ ರಾಗಿಯನ್ನು ಎತ್ತಿ ಹಿಡಿದವರು ಅವರು. ಕಂಬಾರನ ಮುಂದೆ ನಾವು ಬತ್ತ ಆಗುವುದು ಬೇಡ.

ಹಾಗಾದರೆ ಮಾಡಬೇಕಾದದ್ದೇನು? ಕೆಲಸಕ್ಕೆ ಮೊದಲೇ ದರ ಮಾತಾಡಿರಿ. ದಲಾಲಿ ಅಂಗಡಿಯ ಪಟ್ಟಿ ಕೈಗೆ ಬಂದ ದಿನ ಮೊದಲು ಊರೊಳಗಿನ ಸಣ್ಣ ಬಾಕಿ ತೀರಿಸಿರಿ, ದೊಡ್ಡ ಸಾಲದ ಮಾತು ಆಮೇಲೆ. 10 ರೂಪಾಯಿ ಚಹಾಕ್ಕೆ ಫೋನಿನಲ್ಲಿ ರೊಕ್ಕ ಹಾಕುತ್ತೇವೆ, ಕಂಬಾರನಿಗೆ ಯಾಕೆ ಹಾಕಬಾರದು? ಬೆಳೆ ಕೈಕೊಟ್ಟರೆ ನೀವೇ ಅವನ ಬಾಗಿಲಿಗೆ ಹೋಗಿ ಹೇಳಿರಿ: "ಈ ಸಲ ಅರ್ಧ ಹಿಡಿ, ಉಳಿದದ್ದು ಯುಗಾದಿಗೆ." ಕೊಡದವನಿಗಿಂತ ಮುಖ ತಪ್ಪಿಸುವವನು ಹೆಚ್ಚು ನೋಯಿಸುತ್ತಾನೆ.

ನಮ್ಮ ಮಕ್ಕಳೂ ಈಗ ಗ್ಯಾರೇಜು, ವೆಲ್ಡಿಂಗ್ ಅಂಗಡಿ ಇಟ್ಟಿದ್ದಾರೆ. ಅವರಿಗೂ ನಾಲ್ಕು ಮಾತು. ಬಾಯಿ ಲೆಕ್ಕ ಬೇಡ. ಕೆಲಸ, ದರ, ತಾರೀಖು, ಕೊಡುವ ದಿನ ಬರೆದು ಗಿರಾಕಿಯ ಸಹಿ ಹಾಕಿಸಿಕೊಳ್ಳಿರಿ. ಹಳೆಯದರಲ್ಲಿ ಅರ್ಧವಾದರೂ ಬಾರದೆ ಹೊಸ ಉದ್ರಿ ಬೇಡ. ಕೇಳುವುದು ರೊಕ್ಕ ಬರುವ ಕಾಲಕ್ಕೆ, ಮನೆಗೆ ಹೋಗಿ, ಮರ್ಯಾದೆಯಿಂದ. ಆಗದಿದ್ದರೆ ಊರ ಹಿರಿಯರೊಬ್ಬರನ್ನು ಕರೆದೊಯ್ಯಿರಿ.

ಕಾನೂನೂ ತಿಳಿದಿರಲಿ. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಇಂಥ ಬಾಕಿಗೆ ದಾವೆ ಹೂಡಲು ಸಾಮಾನ್ಯವಾಗಿ 3 ವರ್ಷ ಮಾತ್ರ. ಆ ಗಡುವಿನೊಳಗೆ ಗಿರಾಕಿ "ಇಷ್ಟು ಬಾಕಿ ನಿಜ" ಅಂತ ಬರೆದು ಸಹಿ ಹಾಕಿದರೆ 3 ವರ್ಷ ಅಲ್ಲಿಂದ ಹೊಸದಾಗಿ ಎಣಿಕೆ. ಸಣ್ಣ ರೊಕ್ಕಕ್ಕೆ ಕೋರ್ಟು ಅಲೆಯಬೇಕೆಂದಿಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರೆ ದಾವೆ ಹೂಡುವ ಮೊದಲೇ ಲೋಕ ಅದಾಲತ್ತಿಗೆ ತರಬಹುದು. ಕೋರ್ಟ್ ಶುಲ್ಕವಿಲ್ಲ. ಇಬ್ಬರೂ ಒಪ್ಪಿ ರಾಜಿಯಾದರೆ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಅದು ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲಿಲ್ಲ.

ಆದರೆ ಊರವನು ಊರವನ ಮೇಲೆ ಅಲ್ಲಿಗೆ ಹೋಗುವ ಹಾಗೆ ಆಗಬಾರದು. ಆ ಕಂಬಾರನನ್ನು ಹುಡುಕಿ ನಾನು ಹುಬ್ಬಳ್ಳಿಗೆ ಹೋದೆ. 400 ರೂಪಾಯಿ ಕೈಯಲ್ಲಿ ಇಟ್ಟೆ. ಎಣಿಸದೆ ಜೇಬಿಗೆ ಹಾಕಿ, "ಗೌಡ್ರ, ಆವಾಗ ಕೊಟ್ಟಿದ್ರ ಒಂದ್ ಚೀಲ ಇದ್ದಿಲು ಬರ್ತಿತ್ತು" ಅಂದ. ಅಷ್ಟೇ ಮಾತು. ತಿರುಗಿ ಬರುವಾಗ ದಾರಿಯುದ್ದಕ್ಕೂ ಅದೇ ಕಿವಿಯಲ್ಲಿತ್ತು.

ನಿಮ್ಮೂರಲ್ಲಿ ಕುಲುಮೆ ಇನ್ನೂ ಉರಿಯುತ್ತಿದ್ದರೆ, ಇವತ್ತು ಮನೆಗೆ ಹೋಗುವ ಮುಂಚೆ ಅಲ್ಲಿ ನಿಂತು ಹೋಗಿರಿ. ನಿಮ್ಮ ಹೆಸರಿನಲ್ಲಿ ಎಷ್ಟಿದೆ ಅಂತ ಕೇಳಿರಿ.